‘ಎಲೆಕ್ಷನ್ ಮುಗಿಯಲಿ, ಆಮೇಲೆ ನೋಡುವ’ ಅನ್ನಬೇಡಿ: ಪಕ್ಷದೊಳಗಿನ ಕಿರುಕುಳ, ಹಲ್ಲೆ ತಡೆಯಲು ವಾರ್ಡ್ ಮಟ್ಟದಲ್ಲಿ ಏನು ಮಾಡಬೇಕು

ರಾತ್ರಿ ಹತ್ತು ದಾಟಿತ್ತು, ಮೈಕ್ ನಿಂತಿತ್ತು. ಸುರತ್ಕಲ್ ಹತ್ತಿರ ಒಂದು ಬಾಡಿಗೆ ಅಂಗಡಿಯಲ್ಲಿ ನಮ್ಮ ಚುನಾವಣಾ ಕಚೇರಿ. ಶಟರ್ ಅರ್ಧ ಎಳೆದಿತ್ತು. ಒಳಗೆ ಬಾವುಟದ ಕಟ್ಟು, ಮತದಾರರ ಪಟ್ಟಿಯ ರಾಶಿ, ತಣ್ಣಗಾದ ಗೋಳಿಬಜೆ, ಮತ್ತೆ ಏಳು ಜನ ಗಂಡಸರು. ಮನೆ ಮನೆ ಪ್ರಚಾರ ಮುಗಿಸಿ ಓಮ್ನಿಯಲ್ಲಿ ವಾಪಸ್ ಬರುವಾಗ ಪಕ್ಕದಲ್ಲಿ ಕೂತಿದ್ದ ಹಿರಿಯ ಮುಖಂಡರೊಬ್ಬರು ಕತ್ತಲಲ್ಲಿ ಎಲ್ಲಿ ಕೈ ಹಾಕಿದರು ಅಂತ ನಾನು ಅಲ್ಲಿ ಹೇಳಬೇಕಿತ್ತು. ಆ ಏಳು ಜನರ ಎದುರು ಬಾಯಿ ಬರಲಿಲ್ಲ. ಅಧ್ಯಕ್ಷರನ್ನು ಹೊರಗೆ ಕರೆದು, ಅಂಗಡಿ ಮೆಟ್ಟಿಲ ಮೇಲೆ ನಿಂತು ಹೇಳಿದೆ. ಅವರು ಪೂರ್ತಿ ಕೇಳಿದರು. ಕೆಟ್ಟ ಮನುಷ್ಯ ಅಲ್ಲ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕ, ಎಲೆಕ್ಷನ್ ಮುಗಿಯಲಿ, ಆಮೇಲೆ ನೋಡುವ" ಅಂದರು.

ಆ ಎಲೆಕ್ಷನ್ ಮುಗಿಯಿತು. ಮತ್ತೆ ಪಂಚಾಯತ್ ಬಂತು, ಕಾರ್ಪೊರೇಷನ್ ಬಂತು, ಲೋಕಸಭೆ ಬಂತು. ಆಮೇಲೆ ನೋಡಿದವರು ಯಾರೂ ಇಲ್ಲ.

ಅದಾದ ಮೇಲೆ ಎಷ್ಟೋ ವರ್ಷ ಬೂತಿನಲ್ಲಿ ಕೂತಿದ್ದೇನೆ, ಚೀಟಿ ಹಂಚಿದ್ದೇನೆ, ಬೇರೆ ಹೆಂಗಸರ ದೂರನ್ನು ನಾನೇ ಕೇಳಿಸಿಕೊಂಡಿದ್ದೇನೆ. ಕೆಲವನ್ನು ಸರಿಯಾಗಿ ನಿಭಾಯಿಸಿದ್ದೇನೆ, ಕೆಲವು ಕೈ ತಪ್ಪಿವೆ. ಅದರಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ಯಾವ ಬಣ್ಣದ ಶಾಲು ಹಾಕುವವರೇ ಆಗಿರಿ, ವಾರ್ಡ್ ಅಧ್ಯಕ್ಷರು, ಬ್ಲಾಕ್ ಅಥವಾ ಮಂಡಲದ ಪದಾಧಿಕಾರಿಗಳು, ಮಹಿಳಾ ಘಟಕ ನೋಡಿಕೊಳ್ಳುವ ಅಕ್ಕಂದಿರು ಇದನ್ನು ಓದಿದರೆ ಸಾಕು. ಮಾಡಬೇಕಾದ ಕೆಲಸ ಎಲ್ಲ ಪಕ್ಷದಲ್ಲೂ ಒಂದೇ.

ಕಾನೂನು ಎಲ್ಲಿವರೆಗೆ ಬರುತ್ತದೆ

ಹೆಚ್ಚಿನವರು ಇಲ್ಲೇ ಎಡವುವುದು. 2013ರಲ್ಲಿ ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆ ಬಂತು. ಪಾಶ್ ಕಾಯ್ದೆ ಅಂತ ಕರೆಯುತ್ತಾರಲ್ವಾ, ಅದೇ. ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪು ಅದಕ್ಕೆ ಬುನಾದಿ. ಹತ್ತು ಜನ ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಒಂದು ಆಂತರಿಕ ಸಮಿತಿ ಇರಲೇಬೇಕು. ಮಾಡದಿದ್ದರೆ 50,000 ರೂಪಾಯಿವರೆಗೆ ದಂಡ. ಬ್ಯಾಂಕಿಗೆ ಇದು ಅನ್ವಯ, ಗೋಡಂಬಿ ಫ್ಯಾಕ್ಟರಿಗೆ ಅನ್ವಯ, ಬಟ್ಟೆ ಅಂಗಡಿಗೂ ಅನ್ವಯ.

ಪಕ್ಷಕ್ಕೆ? 2022ರಲ್ಲಿ ಕೇರಳ ಹೈಕೋರ್ಟ್, ಪಕ್ಷ ಮತ್ತು ಸದಸ್ಯರ ನಡುವೆ ಮಾಲೀಕ-ನೌಕರ ಸಂಬಂಧ ಇಲ್ಲ, ಹಾಗಾಗಿ ಈ ಸಮಿತಿ ಕಡ್ಡಾಯ ಅಲ್ಲ ಅಂದಿತು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ತೀರ್ಪನ್ನು ಬದಲಾಯಿಸಲು ಒಪ್ಪಲಿಲ್ಲ. ಅಂದರೆ ಬಿಸಿಲಲ್ಲಿ ದಿನಕ್ಕೆ ಎಂಬತ್ತು ಮನೆ ಹತ್ತಿ ಇಳಿಯುವ ಕಾರ್ಯಕರ್ತೆಗೆ ಆ ಕಾಯ್ದೆಯ ಆಸರೆ ಇಲ್ಲ. ನನಗೆ ಇದು ಇವತ್ತಿಗೂ ನೋವಿನ ವಿಷಯ.

ಆದರೆ ಇದನ್ನೇ ಹಿಡಿದುಕೊಂಡು "ನಮಗೆ ಕಾನೂನೇ ಇಲ್ಲ" ಅನ್ನುವವರು ತಪ್ಪು ತಿಳಿದಿದ್ದಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಎಲ್ಲರಿಗೂ ಅನ್ವಯ. ಅದರ 74ನೇ ಕಲಂ ಹೆಣ್ಣಿನ ಮಾನಕ್ಕೆ ಕೈ ಹಾಕುವ ಹಲ್ಲೆಗೆ, ಒಂದರಿಂದ ಐದು ವರ್ಷ ಜೈಲು. 75 ಲೈಂಗಿಕ ಕಿರುಕುಳಕ್ಕೆ, 78 ಬೆನ್ನು ಬೀಳುವುದಕ್ಕೆ, 79 ಮಾತು ಸನ್ನೆಯಲ್ಲಿ ಅವಮಾನ ಮಾಡುವುದಕ್ಕೆ, 351 ಬೆದರಿಕೆಗೆ. ಇದಕ್ಕೆಲ್ಲ ಪಕ್ಷದ ಒಪ್ಪಿಗೆ ಬೇಕಿಲ್ಲ. ಪರಿಶಿಷ್ಟ ಜಾತಿ, ಪಂಗಡದವರನ್ನು ಜಾತಿ ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆ ಉಂಟು. ಲೈಂಗಿಕ ಕಿರುಕುಳ ಆದವರ ವಯಸ್ಸು 18ಕ್ಕಿಂತ ಕಡಿಮೆ ಇದ್ದರೆ ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆ. ಅಲ್ಲಿ ನಿಮ್ಮ ಸಮಿತಿ, ನಿಮ್ಮ ಪಂಚಾತಿಕೆ ಯಾವುದೂ ನಡೆಯುವುದಿಲ್ಲ. ಗೊತ್ತಾದ ಮೇಲೆ ಪೊಲೀಸರಿಗೆ ಹೇಳದಿದ್ದರೆ ಅದೇ ಒಂದು ಅಪರಾಧ. ಹಾಗೆ ನೋಡಿದರೆ ಮಕ್ಕಳನ್ನು ಪ್ರಚಾರಕ್ಕೆ ಕರೆದುಕೊಂಡು ಹೋಗಲೇಬಾರದು, 2024ರ ಫೆಬ್ರವರಿಯಲ್ಲಿ ಚುನಾವಣಾ ಆಯೋಗ ಇದನ್ನು ಎಲ್ಲ ಪಕ್ಷಗಳಿಗೂ ಬರೆದು ಹೇಳಿದೆ.

ಪೊಲೀಸ್ ಬೇರೆ, ಪಕ್ಷದ ಕ್ರಮ ಬೇರೆ. ಎರಡೂ ಒಟ್ಟಿಗೆ ನಡೆಯಬಹುದು. ಕಾನೂನು ಒತ್ತಾಯ ಮಾಡದ ಕಡೆ ನಿಯಮವನ್ನು ನೀವೇ ಬರೆದುಕೊಳ್ಳಬೇಕು, ಅದೂ ಎಲೆಕ್ಷನ್ ಘೋಷಣೆ ಆಗುವ ಮೊದಲು.

ಒಂದು ಹಾಳೆ, ಐದು ಜನ

ದೊಡ್ಡ ಪುಸ್ತಕ ಮಾಡಬೇಡಿ, ಯಾರೂ ಓದುವುದಿಲ್ಲ. ಒಂದು ಹಾಳೆ ಸಾಕು. ನಾವು ಬರೆದದ್ದು ಹೀಗಿತ್ತು, ಬೇಕಾದರೆ ಹಾಗೇ ತೆಗೆದುಕೊಳ್ಳಿ:

"ಪಕ್ಷದ ಕೆಲಸದಲ್ಲಿ ಯಾರಾದರೂ ನಿಮ್ಮನ್ನು ಬೇಡದ ರೀತಿ ಮುಟ್ಟಿದರೆ, ಕೆಟ್ಟದಾಗಿ ಮಾತಾಡಿದರೆ, ಹೊತ್ತಲ್ಲದ ಹೊತ್ತಲ್ಲಿ ಬೇಡದ ಮೆಸೇಜ್ ಕಳಿಸಿದರೆ, ಸ್ಥಾನ ಕೊಡಿಸುತ್ತೇನೆ ಅಂತ ಹೇಳಿ ಬೇರೆ ಏನಾದರೂ ಕೇಳಿದರೆ, ಜಾತಿ ಧರ್ಮ ಹಿಡಿದು ಬೈದರೆ, ಹೊಡೆದರೆ, ಹೆದರಿಸಿದರೆ ಈ ಎರಡು ನಂಬರಿನಲ್ಲಿ ಯಾವುದಕ್ಕಾದರೂ ಫೋನ್ ಮಾಡಿ. ಮಾಡಿದವರು ಎಷ್ಟೇ ದೊಡ್ಡವರಾಗಿರಲಿ. ನಿಮ್ಮ ಹೆಸರು ಹೊರಗೆ ಹೋಗುವುದಿಲ್ಲ. ಪೊಲೀಸರ ಹತ್ತಿರ ಹೋಗುವುದು ನಿಮ್ಮ ಇಷ್ಟ, ನಾವು ತಡೆಯುವುದಿಲ್ಲ, ಬೇಕಾದರೆ ಜೊತೆಗೆ ಬರುತ್ತೇವೆ."

ಗಂಡು ಹುಡುಗರೂ ಈ ಹಾಳೆಯೊಳಗೆ ಬರುತ್ತಾರೆ ಅಂತ ಬಾಯಿಬಿಟ್ಟು ಹೇಳಿ. ಕಚೇರಿಯಲ್ಲಿ ಪೆಟ್ಟು ತಿಂದು, ಬೈಸಿಕೊಂಡು ಸುಮ್ಮನಿರುವ ಹತ್ತೊಂಬತ್ತು ಇಪ್ಪತ್ತರ ಹುಡುಗರನ್ನು ನಾನು ನೋಡಿದ್ದೇನೆ. ಹಾಳೆಯನ್ನು ಕಚೇರಿ ಗೋಡೆಗೆ ಅಂಟಿಸಿ, ಶೌಚಾಲಯದ ಬಾಗಿಲ ಒಳಬದಿಗೂ ಅಂಟಿಸಿ. ಅಲ್ಲಿ ನಿಂತು ನಂಬರ್ ಬರೆದುಕೊಂಡರೆ ಯಾರೂ ನೋಡುವುದಿಲ್ಲ. ಮೊದಲ ಬೂತ್ ಸಭೆಯಲ್ಲಿ ಅಧ್ಯಕ್ಷರೇ ಎದ್ದು ನಿಂತು ಇದನ್ನು ಓದಬೇಕು. ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ಎಲ್ಲಿ ಏನು ನಡೆಯುತ್ತದೋ ಆ ಭಾಷೆಯಲ್ಲಿ ಇನ್ನೊಮ್ಮೆ ಹೇಳಬೇಕು. ಬೀಡಿ ಕಟ್ಟುವ ಎಷ್ಟೋ ಅಕ್ಕಂದಿರು ಕನ್ನಡ ಹಾಳೆ ಕೊಟ್ಟರೆ ಮಡಚಿ ಸೆರಗಿಗೆ ಸಿಕ್ಕಿಸಿಕೊಳ್ಳುತ್ತಾರೆ. ತುಳುವಿನಲ್ಲಿ ಹೇಳಿದರೆ ತಿರುಗಿ ಪ್ರಶ್ನೆ ಕೇಳುತ್ತಾರೆ.

ಇನ್ನು ಸಮಿತಿ. ಐದು ಜನ ಸಾಕು, ಅದರಲ್ಲಿ ಮೂರು ಜನವಾದರೂ ಹೆಂಗಸರು, ಮುಖ್ಯಸ್ಥೆ ಹೆಂಗಸು. ಒಬ್ಬರು ಪಕ್ಷಕ್ಕೆ ಸಂಬಂಧವೇ ಇಲ್ಲದವರು ಇರಲಿ, ವಕೀಲೆಯೋ ನಿವೃತ್ತ ಟೀಚರೋ ಆಪ್ತಸಮಾಲೋಚಕಿಯೋ. ಪಾಶ್ ಕಾಯ್ದೆಯ ಸಮಿತಿಯೂ ಹೆಚ್ಚುಕಡಿಮೆ ಹೀಗೆಯೇ ಇರುವುದು, ಆ ಅಚ್ಚನ್ನು ನಾವು ಎರವಲು ತೆಗೆದುಕೊಂಡರೆ ತಪ್ಪೇನಿಲ್ಲ. ಈ ಸಲ ಟಿಕೆಟ್ ಕೇಳುತ್ತಿರುವವರು ಸಮಿತಿಯಲ್ಲಿ ಬೇಡ. ಅಭ್ಯರ್ಥಿಯ ಸಂಬಂಧಿಕರು, ಶಾಸಕರ ಆಫೀಸಿನಲ್ಲಿ ಕೆಲಸ ಮಾಡುವವರು ಬೇಡ. "ನಮ್ಮಲ್ಲಿ ಶಿಸ್ತು ಸಮಿತಿ ಉಂಟಲ್ಲ" ಅಂತ ಕೆಲವರು ಹೇಳುತ್ತಾರೆ. ಶಿಸ್ತು ಸಮಿತಿಯಲ್ಲಿ ಕೂರುವುದು ಮುಖಂಡರು, ದೂರು ಬರುವುದೂ ಎಷ್ಟೋ ಸಲ ಮುಖಂಡರ ಮೇಲೆ. ಅದಕ್ಕೇ ಬೇರೆ ಸಮಿತಿ ಬೇಕು. ವಾರ್ಡ್ ಅಧ್ಯಕ್ಷರ ಮೇಲೆಯೇ ದೂರು ಬಂದರೆ ಅದು ವಾರ್ಡಿನಲ್ಲಿ ಇರಬಾರದು, ನೇರ ಜಿಲ್ಲೆಗೆ ಹೋಗಬೇಕು ಅಂತ ಹಾಳೆಯಲ್ಲೇ ಬರೆಯಿರಿ.

ಗಾಡಿ, ಕೋಣೆ, ಹೊತ್ತು

ನಾನು ಕಂಡ ದೂರುಗಳಲ್ಲಿ ಮುಕ್ಕಾಲು ಪಾಲು ನಡೆದದ್ದು ಒಂದೇ ಥರದ ಜಾಗದಲ್ಲಿ. ರಾತ್ರಿ ವಾಪಸ್ ಬರುವ ಗಾಡಿ, ಕಚೇರಿಯ ಹಿಂದಿನ ಕೋಣೆ, "ಸ್ವಲ್ಪ ಮಾತಾಡಲು ಉಂಟು" ಅಂತ ಕರೆಯುವ ಲಾಡ್ಜ್. ಜಾಗ ಗೊತ್ತಿದ್ದ ಮೇಲೆ ಅದನ್ನು ಸರಿ ಮಾಡುವುದು ಕಷ್ಟ ಅಲ್ಲ.

ಗಾಡಿಯಲ್ಲಿ ಒಬ್ಬಳೇ ಹೆಂಗಸನ್ನು ಕೂರಿಸಬೇಡಿ, ಇಬ್ಬರಾದರೂ ಇರಲಿ, ಕೊನೆಯ ಇಬ್ಬರು ಹತ್ತಿರ ಹತ್ತಿರ ಇಳಿಯುವ ಹಾಗೆ ದಾರಿ ಮಾಡಿ. ಗಾಡಿ ನಂಬರ್, ಡ್ರೈವರ್ ಹೆಸರು, ಯಾರು ಯಾರು ಕೂತಿದ್ದಾರೆ ಅನ್ನುವುದನ್ನು ಹೊರಡುವ ಮೊದಲು ಒಬ್ಬ ಅಕ್ಕನಿಗೆ ಮೆಸೇಜ್ ಹಾಕಿ. ಎಲ್ಲರೂ ಮನೆ ಮುಟ್ಟಿದ ಮೇಲೆ ಅವರಿಗೆ "ಮುಟ್ಟಿದೆ" ಅಂತ ಬರಬೇಕು, ಬರದಿದ್ದರೆ ಅವರು ಫೋನ್ ಮಾಡಬೇಕು. ಇಷ್ಟು ಮಾಡಿದ್ದಕ್ಕೆ ನಮ್ಮ ವಾರ್ಡಿನಲ್ಲಿ ಗಾಡಿಯ ದೂರು ನಿಂತೇ ಹೋಯಿತು. ಹತ್ತು ಗಂಟೆಗೆ ಧ್ವನಿವರ್ಧಕ ನಿಲ್ಲಿಸಲೇಬೇಕಲ್ವಾ, ಹೆಂಗಸರ ಕೆಲಸವೂ ಅದಕ್ಕಿಂತ ಮೊದಲೇ ನಿಲ್ಲಲಿ. ಲೆಕ್ಕದ ಸಭೆ, ಹಂಚಿಕೆ ಸಭೆ ರಾತ್ರಿ ಹನ್ನೊಂದಕ್ಕೆ ಇಟ್ಟರೆ ಹೆಂಗಸರು ಬರುವುದಿಲ್ಲ, ಬಾರದವರಿಗೆ ಜವಾಬ್ದಾರಿ ಸಿಗುವುದಿಲ್ಲ. ಕುಡಿದು ಬಂದವರನ್ನು ಕಚೇರಿಯೊಳಗೆ ಬಿಡಬೇಡಿ, ಎಷ್ಟು ಬೇಕಾದವರೇ ಆಗಲಿ.

ಬಾಡಿಗೆ ಅಂಗಡಿ ಹಿಡಿಯುವಾಗ ಶೌಚಾಲಯ ಉಂಟಾ, ಅದಕ್ಕೆ ಒಳಗಿನಿಂದ ಚಿಲಕ ಉಂಟಾ ನೋಡಿ. ಇಲ್ಲದಿದ್ದರೆ ಹೆಂಗಸರು ಇಡೀ ದಿನ ನೀರೇ ಕುಡಿಯುವುದಿಲ್ಲ, ಇಲ್ಲ ಅಂದರೆ ಯಾರದೋ ಮನೆಗೆ ಒಬ್ಬಳೇ ಹೋಗುತ್ತಾಳೆ.

ಮತದಾನದ ದಿನ ಬೇರೆ ಕಥೆ. ಏಳು ಗಂಟೆಗೆ ಮತದಾನ ಶುರುವಾದರೆ ಅಣಕು ಮತದಾನ ಐದೂವರೆಗೆ. ಬೂತ್ ಏಜೆಂಟ್ ಆದ ಹೆಣ್ಣುಮಗಳು ನಾಲ್ಕೂವರೆಗೆ ಮನೆ ಬಿಡಬೇಕು, ಆ ಕತ್ತಲಲ್ಲಿ ಯಾರ ಬೈಕಿನಲ್ಲಿ ಬರುತ್ತಾಳೆ ಅನ್ನುವುದನ್ನು ಹಿಂದಿನ ದಿನವೇ ಅವಳನ್ನು ಕೇಳಿ ಗೊತ್ತುಮಾಡಿ. ಅವಳ ಮನೆಯವರೇ ಬಿಟ್ಟು ಹೋಗುವುದಾದರೆ ಪೆಟ್ರೋಲ್ ದುಡ್ಡು ಕೊಡಿ. ಎಣಿಕೆ ದಿನವೂ ಹಾಗೆಯೇ. ಸುರತ್ಕಲ್‌ನ ಎನ್‌ಐಟಿಕೆಗೆ ದೂರದ ತಾಲೂಕುಗಳಿಂದ ಬರುವ ಏಜೆಂಟರು ಮನೆ ಮುಟ್ಟುವಾಗ ರಾತ್ರಿ ಆಗುತ್ತದೆ, ಗೆದ್ದವರ ಮೆರವಣಿಗೆಯ ನಡುವೆ ಸೋತವರ ಏಜೆಂಟ್ ಒಬ್ಬಳೇ ಬಸ್ಸಿಗೆ ಕಾಯಬಾರದು.

ದೂರು ಬಂದ ಮೊದಲ ಗಂಟೆ

ಇಲ್ಲಿ ಸ್ವಲ್ಪ ನಿಧಾನ ಓದಿ. ಎಲ್ಲ ಹಾಳಾಗುವುದೂ ಎಲ್ಲ ಉಳಿಯುವುದೂ ಈ ಗಂಟೆಯಲ್ಲಿ.

ಫೋನ್ ಬಂತು ಅಂತ ಇಟ್ಟುಕೊಳ್ಳಿ. ಆ ಕಡೆ ಅಳು, ಅಥವಾ ಅಳುವೂ ಇಲ್ಲದ ಒಣ ಸ್ವರ. ನೀವು ಕೇಳಬೇಕಾದದ್ದು ಮೂರೇ: "ಈಗ ಎಲ್ಲಿದ್ದೀರಿ? ಹತ್ತಿರ ಯಾರಿದ್ದಾರೆ? ಪೆಟ್ಟಾಗಿದೆಯಾ?" ಆಮೇಲೆ "ಹೇಳಿ ಅಕ್ಕ, ಕೇಳ್ತಾ ಇದ್ದೇನೆ" ಅಂತ ಹೇಳಿ ಸುಮ್ಮನಾಗಿ. ಅವಳು ಹಿಂದೆ ಮುಂದೆ ಹೇಳುತ್ತಾಳೆ, ಸಮಯ ತಪ್ಪು ಹೇಳುತ್ತಾಳೆ, ನಡುವೆ ನಿಲ್ಲಿಸುತ್ತಾಳೆ. ಹೇಳಲಿ.

"ಆ ಹೊತ್ತಲ್ಲಿ ಅಲ್ಲಿಗೆ ಎಂತಕ್ಕೆ ಹೋದದ್ದು?" ಅಂತ ಕೇಳಬೇಡಿ. "ಅವರು ಹಾಗೆ ಮಾಡುವ ಜನ ಅಲ್ಲ ಮಾರಾಯ್ತಿ" ಅನ್ನಬೇಡಿ. "ಗಂಡನಿಗೆ ಹೇಳಿದ್ದೀಯಾ?" ಅನ್ನುವ ಪ್ರಶ್ನೆಯೂ ಬೇಡ, ಎಷ್ಟೋ ಹೆಂಗಸರಿಗೆ ಮನೆಯಲ್ಲಿ ಗೊತ್ತಾದರೆ ನಾಳೆಯಿಂದ ಪಕ್ಷದ ಕೆಲಸವೇ ಬಂದ್, ಅದಕ್ಕೇ ಅವರು ಬಾಯಿ ಬಿಡುವುದಿಲ್ಲ. ಅವಳು ಹೇಳದೆ ಅವಳ ಮನೆಗೆ ಫೋನ್ ಮಾಡಬೇಡಿ. ಮತ್ತೆ ಮುಖ್ಯವಾಗಿ, ದೂರು ಯಾರ ಮೇಲೋ ಅವರಿಗೆ ಆ ರಾತ್ರಿ ಫೋನ್ ಮಾಡಬೇಡಿ. ಒಳ್ಳೆ ಮನಸ್ಸಿನಿಂದಲೇ "ಎಂತದು ಅಣ್ಣ ಇದು, ಹೀಗೊಂದು ಮಾತು ಬಂತು" ಅಂತ ಕೇಳುತ್ತಾರೆ. ಅರ್ಧ ಗಂಟೆಯಲ್ಲಿ ಆ ಹೆಂಗಸಿನ ಮನೆ ಎದುರು ನಾಲ್ಕು ಬೈಕ್ ನಿಂತಿರುತ್ತದೆ. ನಾನು ಒಮ್ಮೆ ಈ ತಪ್ಪು ಮಾಡಿದ್ದೇನೆ. ಆಕೆ ಮರುದಿನ ದೂರು ವಾಪಸ್ ತೆಗೆದುಕೊಂಡಳು. ಆಮೇಲೆ ನನ್ನ ಹತ್ತಿರ ಮಾತಾಡಲಿಲ್ಲ.

ಪೆಟ್ಟಾಗಿದ್ದರೆ ಮೊದಲು ಆಸ್ಪತ್ರೆ. ಮಂಗಳೂರಿನಲ್ಲಿ ವೆನ್ಲಾಕ್, ಲೇಡಿಗೋಷನ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ. ಅತ್ಯಾಚಾರ ಆಗಿದ್ದರೆ ಸರ್ಕಾರಿ ಆಗಲಿ ಖಾಸಗಿ ಆಗಲಿ ಯಾವ ಆಸ್ಪತ್ರೆಯೂ ಮೊದಲ ಚಿಕಿತ್ಸೆಯನ್ನು ದುಡ್ಡಿಲ್ಲದೆ ಕೊಡಲೇಬೇಕು, ಎಫ್‌ಐಆರ್ ತನ್ನಿ ಅಂತ ವಾಪಸ್ ಕಳಿಸುವ ಹಾಗಿಲ್ಲ. ಬಟ್ಟೆ ತೊಳೆಯದೆ ಕಾಗದದ ಚೀಲದಲ್ಲಿ ಇಡಲು ಹೇಳಿ, ಪ್ಲಾಸ್ಟಿಕ್ ಬೇಡ, ಒಳಗೆ ಬೆವೆತು ಸಾಕ್ಷಿ ಹಾಳಾಗುತ್ತದೆ.

ಅವಳು ಪೊಲೀಸರಿಗೆ ಹೋಗಬೇಕು ಅಂದರೆ ಜೊತೆಗೆ ಹೋಗಿ. ಘಟನೆ ಕಾರ್ಕಳದಲ್ಲಿ ಆಗಿದ್ದರೂ ಮಂಗಳೂರಿನ ಠಾಣೆಯಲ್ಲಿ ದೂರು ಕೊಡಬಹುದು, ಝೀರೋ ಎಫ್‌ಐಆರ್ ಅಂತ ಮಾಡಿ ಅವರೇ ಕಳಿಸುತ್ತಾರೆ. ಇಂಥ ಪ್ರಕರಣದಲ್ಲಿ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಮಂಗಳೂರಿನಲ್ಲಿ ಪಾಂಡೇಶ್ವರದಲ್ಲಿ ಮಹಿಳಾ ಠಾಣೆ ಉಂಟು, ಉಡುಪಿಯಲ್ಲೂ ಉಂಟು. ಎಫ್‌ಐಆರ್ ಪ್ರತಿ ಬಿಟ್ಟಿಯಾಗಿ ಕೊಡಬೇಕು, ಕೇಳಿ ತೆಗೆದುಕೊಳ್ಳಿ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ, ಮಂಗಳೂರು ನಗರವಾದರೆ ಕಮಿಷನರ್‌ಗೆ ಬರೆದು ಕೊಡಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಜಿಲ್ಲೆಯಲ್ಲಿ ಸಖಿ ಕೇಂದ್ರ ಉಂಟು, ಅಲ್ಲಿ ಆಪ್ತಸಮಾಲೋಚನೆ, ತಾತ್ಕಾಲಿಕವಾಗಿ ಉಳಿಯಲು ಜಾಗ, ವಕೀಲರ ಸಹಾಯ ಎಲ್ಲ ಒಂದೇ ಕಡೆ ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ, ಅವರ ನಂಬರ್ 15100.

ಪೊಲೀಸ್ ಬೇಡ ಅಂದರೆ ಒತ್ತಾಯ ಮಾಡಬೇಡಿ. ಆದರೆ ಅವಳು ಹೇಳಿದ್ದನ್ನು ಅವಳ ಮಾತಲ್ಲೇ ಅವತ್ತೇ ಬರೆದುಕೊಳ್ಳಿ, ಓದಿ ಹೇಳಿ, ಸಹಿ ತೆಗೆದುಕೊಳ್ಳಿ, ದಿನ ಸಮಯ ಹಾಕಿ, ಒಂದು ಪ್ರತಿ ಅವಳಿಗೇ ಕೊಡಿ. ಆರು ತಿಂಗಳ ಮೇಲೆ ಮನಸ್ಸು ಬದಲಾಗಿ ಠಾಣೆಗೆ ಹೋದರೆ ಆ ಹಾಳೆ ಅವಳ ಕೈಯಲ್ಲಿರುತ್ತದೆ. ನಮ್ಮ ಅಧ್ಯಕ್ಷರು ಅವತ್ತು ರಾತ್ರಿ ಮೆಟ್ಟಿಲ ಮೇಲೆ ಒಂದು ತುಂಡು ಕಾಗದದಲ್ಲಿ ನಾಲ್ಕು ಸಾಲು ಬರೆದುಕೊಂಡಿದ್ದರೂ ನನಗೆ ಅಷ್ಟು ಸಾಕಿತ್ತು.

ವಿಚಾರಣೆ, ಆಣೆ ಪ್ರಮಾಣ, ರಾಜಿ

ಮರುದಿನ ಮಾಡಬೇಕಾದ ಮೊದಲ ಕೆಲಸ, ಇಬ್ಬರನ್ನೂ ಬೇರೆ ಬೇರೆ ಮಾಡುವುದು. ಇಲ್ಲಿ ಎಲ್ಲರೂ ಮಾಡುವ ತಪ್ಪು "ಅಕ್ಕ, ನೀವು ಸ್ವಲ್ಪ ದಿನ ಮನೆಯಲ್ಲೇ ಇರಿ" ಅನ್ನುವುದು. ಅವಳು ಯಾಕೆ ಇರಬೇಕು? ವಿಚಾರಣೆ ಮುಗಿಯುವವರೆಗೆ ದೂರು ಯಾರ ಮೇಲೋ ಅವರನ್ನು ಜವಾಬ್ದಾರಿಯಿಂದ ಇಳಿಸಿ. ಅವರು ತಪ್ಪು ಮಾಡಿದ್ದಾರೆ ಅಂತ ಇದರ ಅರ್ಥ ಅಲ್ಲ, ಇದನ್ನು ಅವರಿಗೂ ಹೇಳಿ.

ಇಬ್ಬರ ಮಾತನ್ನೂ ಬೇರೆ ಬೇರೆ ಕೇಳಬೇಕು. ದೂರು ಯಾರ ಮೇಲೋ ಅವರಿಗೆ ಅದರ ಪ್ರತಿ ಕೊಟ್ಟು ಉತ್ತರ ಬರೆದು ತರಲು ಒಂದು ವಾರ ಕೊಡಿ. ಅವರ ಕಡೆಯ ಸಾಕ್ಷಿಗಳನ್ನೂ ಕರೆಯಿರಿ. ಇದು ಆಗದಿದ್ದರೆ ನಿಮ್ಮ ತೀರ್ಮಾನಕ್ಕೆ ಬೆಲೆ ಇಲ್ಲ. ಜಾಗ ಪಕ್ಷದ ಕಚೇರಿ ಬೇಡ, ಹೊರಗಿನ ಸದಸ್ಯೆಯ ಆಫೀಸಿನಲ್ಲಿ ಇಟ್ಟರೆ ಒಳ್ಳೆಯದು. ಪಾಶ್ ಕಾಯ್ದೆ ವಿಚಾರಣೆಗೆ 90 ದಿನ ಕೊಡುತ್ತದೆ. ನಾವು 30 ದಿನ ಅಂತ ಇಟ್ಟುಕೊಂಡಿದ್ದೇವೆ. ಎಲೆಕ್ಷನ್ ಇದ್ದರೂ ಸರಿ, ದಿನ ಎಣಿಸುವುದು ನಿಲ್ಲಬಾರದು.

ನಮ್ಮ ಊರಿನದ್ದೇ ಒಂದು ವಿಷಯ ಹೇಳಬೇಕು. ಮಾತು ಬೆಳೆದ ಕೂಡಲೇ ಯಾರೋ ಒಬ್ಬರು "ಕಾನತ್ತೂರಿನ ದೈವಸ್ಥಾನಕ್ಕೆ ಬಂದು ಪ್ರಮಾಣ ಮಾಡಲಿ" ಅನ್ನುತ್ತಾರೆ, ಇನ್ನೊಬ್ಬರು ಧರ್ಮಸ್ಥಳ ಅನ್ನುತ್ತಾರೆ. ನಾನೂ ದೈವ ದೇವರು ನಂಬುವವಳೇ, ಕೋಲಕ್ಕೆ ಹೋಗಿ ಗಂಧ ಪ್ರಸಾದ ತೆಗೆದುಕೊಂಡು ಬರುವವಳೇ. ಅದಕ್ಕೇ ಹೇಳುತ್ತೇನೆ, ದೈವವನ್ನು ಇದಕ್ಕೆ ಎಳೆಯಬೇಡಿ. ಆಣೆ ಅಂದ ಕೂಡಲೇ ಹೆಂಗಸು ಹೆದರುತ್ತಾಳೆ. ಸುಳ್ಳು ಹೇಳಿದ್ದಕ್ಕೆ ಹೆದರುವುದಲ್ಲ, ಮಕ್ಕಳಿಗೆ ಏನಾದರೂ ಆದರೆ ಊರವರು ಅದನ್ನೇ ಎತ್ತಿ ಆಡುತ್ತಾರೆ ಅಂತ ಹೆದರುವುದು. ಹೆದರಿ ಹಿಂದೆ ಸರಿದರೆ "ನೋಡಿ, ಸುಳ್ಳು" ಅನ್ನುತ್ತಾರೆ. ನಿಮ್ಮ ಹಾಳೆಯಲ್ಲಿ ಒಂದು ಸಾಲು ಸೇರಿಸಿ: ವಿಚಾರಣೆಯಲ್ಲಿ ಆಣೆ ಪ್ರಮಾಣ ಕೇಳುವ ಹಾಗಿಲ್ಲ.

ರಾಜಿ ವಿಷಯವೂ ಹಾಗೆ. ಅವಳೇ ಬಯಸಿ, ಬರೆದು ಕೊಟ್ಟರೆ ಮಾತ್ರ. ದುಡ್ಡಿನ ರಾಜಿ ಬೇಡವೇ ಬೇಡ, ಪಾಶ್ ಕಾಯ್ದೆಯಲ್ಲೂ ಅದಕ್ಕೆ ಜಾಗ ಇಲ್ಲ.

"ಸುಳ್ಳು ದೂರು ಬಂದರೆ?" ಅಂತ ಪ್ರತಿ ಸಭೆಯಲ್ಲೂ ಕೇಳುತ್ತಾರೆ. ಟಿಕೆಟ್ ಜಗಳದಲ್ಲಿ ಬರಲೂಬಹುದು, ಇಲ್ಲ ಅನ್ನುವುದಿಲ್ಲ. ಬೇಕೆಂದೇ ಸುಳ್ಳು ಹೇಳಿದ್ದು ಸಾಬೀತಾದರೆ ಕ್ರಮ ತೆಗೆದುಕೊಳ್ಳಿ. ಆದರೆ ಸಾಕ್ಷಿ ಸಿಗಲಿಲ್ಲ ಅನ್ನುವುದೂ ಸುಳ್ಳು ಅನ್ನುವುದೂ ಒಂದೇ ಅಲ್ಲ. ಕತ್ತಲ ಗಾಡಿಯಲ್ಲಿ ಸಾಕ್ಷಿ ಎಲ್ಲಿಂದ ಬರುತ್ತದೆ?

ತಪ್ಪು ಅಂತ ಕಂಡರೆ ಶಿಕ್ಷೆ ತಪ್ಪಿಗೆ ತಕ್ಕ ಹಾಗೆ ಇರಲಿ. ಬರೆದು ಕ್ಷಮೆ ಕೇಳುವುದು, ಸ್ಥಾನದಿಂದ ಇಳಿಸುವುದು, ಇಷ್ಟು ವರ್ಷ ಟಿಕೆಟ್ ಇಲ್ಲ ಅನ್ನುವುದು, ಪಕ್ಷದಿಂದ ತೆಗೆಯುವುದು. ಬೇರೆ ವಾರ್ಡಿಗೆ ಉಸ್ತುವಾರಿ ಮಾಡಿ ಕಳಿಸುವುದನ್ನು ಶಿಕ್ಷೆ ಅನ್ನಬೇಡಿ, ಅಲ್ಲೂ ಹೆಣ್ಣುಮಕ್ಕಳು ಇದ್ದಾರೆ. ತೀರ್ಮಾನವನ್ನು ಇಬ್ಬರಿಗೂ ಬರವಣಿಗೆಯಲ್ಲಿ ಕೊಡಿ, ಒಪ್ಪದವರು ಯಾರಿಗೆ ಮೇಲ್ಮನವಿ ಕೊಡಬಹುದು ಅಂತಲೂ ಬರೆಯಿರಿ.

ಮೊಬೈಲ್‌ನಲ್ಲಿ ನಡೆಯುವುದು

2016ರಲ್ಲಿ ಬೇರೆ ಬೇರೆ ದೇಶಗಳ ಸಂಸತ್ತುಗಳು ಸೇರಿರುವ ಅಂತರ ಸಂಸದೀಯ ಒಕ್ಕೂಟ 39 ದೇಶಗಳ 55 ಸಂಸದೆಯರನ್ನು ಮಾತಾಡಿಸಿತ್ತು. ಅವರಲ್ಲಿ ಶೇ 81.8ರಷ್ಟು ಜನ ಮಾನಸಿಕ ಹಿಂಸೆ ಅನುಭವಿಸಿದ್ದರು, ಶೇ 44.4ರಷ್ಟು ಜನರಿಗೆ ಕೊಲೆ, ಅತ್ಯಾಚಾರ, ಹೊಡೆತ, ಅಪಹರಣದ ಬೆದರಿಕೆ ಬಂದಿತ್ತು. ಸಂಸತ್ತಿನಲ್ಲಿ ಕೂತವರಿಗೇ ಹೀಗಾದರೆ ವಾರ್ಡಿನ ಹುಡುಗಿಗೆ ಏನು ಗತಿ ಅಂತ ಯೋಚಿಸಿ.

ಕಾರ್ಯಕರ್ತೆಯರ ನಂಬರನ್ನು ಪ್ರಚಾರದ ಪೋಸ್ಟರಿನಲ್ಲಿ ಹಾಕಬೇಡಿ, ಪಕ್ಷದ್ದೇ ಒಂದು ಸಿಮ್ ಕೊಡಿ. ಬೂತ್ ಗ್ರೂಪಿಗೆ ಇಬ್ಬರು ಅಡ್ಮಿನ್ ಇರಲಿ, ಒಬ್ಬರು ಹೆಂಗಸು. ಕೆಟ್ಟ ಮೆಸೇಜ್ ಬಂದರೆ ಡಿಲೀಟ್ ಮಾಡುವ ಮೊದಲು ನಂಬರ್, ದಿನಾಂಕ, ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ, ಮೂಲ ಮೆಸೇಜ್ ಇರುವ ಫೋನನ್ನು ಹಾಗೇ ಇಟ್ಟುಕೊಳ್ಳಿ. ಫೋಟೋ ತಿದ್ದಿ ಹರಿಯಬಿಟ್ಟರೆ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗೆ ಹೋಗಿ, ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಹಾಕಿ.

ನಮ್ಮ ಹುಡುಗರು ಎದುರು ಪಕ್ಷದ ಹೆಣ್ಣುಮಕ್ಕಳಿಗೆ ಹೀಗೆ ಮಾಡಿದರೂ ಅದೇ ನಿಯಮ. ಖಾಸಗಿ ಬದುಕನ್ನು ಎಳೆಯಬಾರದು ಅಂತ ಮಾದರಿ ನೀತಿಸಂಹಿತೆಯೇ ಹೇಳುತ್ತದೆ. ಅಂಥ ಪೋಸ್ಟ್ ಕಂಡರೆ ಅಧ್ಯಕ್ಷರೇ ಗ್ರೂಪಿನಲ್ಲಿ ಎಲ್ಲರ ಎದುರು "ಇದನ್ನು ತೆಗೆಯಿರಿ" ಅಂತ ಬರೆಯಬೇಕು. ಒಳಗಿಂದ ಫೋನ್ ಮಾಡಿ ಹೇಳಿದರೆ ಉಳಿದವರಿಗೆ ಗೊತ್ತಾಗುವುದಿಲ್ಲ.

ಹೊಡೆದಾಟ ಆದರೆ

ಬ್ಯಾನರ್ ಕಟ್ಟುವಾಗ, ಬಾವುಟ ಹರಿದಾಗ, ಮೆರವಣಿಗೆ ಇನ್ನೊಬ್ಬರ ಮನೆ ಎದುರು ನಿಂತಾಗ, ಹೀಗೆ ಸಣ್ಣದರಲ್ಲೇ ಶುರುವಾಗುತ್ತದೆ. ರಾತ್ರಿ ಬ್ಯಾನರ್ ಕಟ್ಟಲು ಬರೀ ಹುಡುಗರನ್ನು ಕಳಿಸಬೇಡಿ, ನಲವತ್ತು ದಾಟಿದ ಇಬ್ಬರು ಜೊತೆಗಿರಲಿ. ಎದುರು ಪಕ್ಷದ ವಾರ್ಡ್ ಅಧ್ಯಕ್ಷರ ನಂಬರ್ ನಿಮ್ಮ ಫೋನಿನಲ್ಲಿ ಇರಬೇಕು, ಅವರದ್ದರಲ್ಲಿ ನಿಮ್ಮದು. ಎಲೆಕ್ಷನ್ ಶುರುವಾಗುವ ಮೊದಲು ಒಂದು ಚಾ ಕುಡಿದು ಮಾತಾಡಿಟ್ಟುಕೊಳ್ಳಿ. ರಾತ್ರಿ ಗಲಾಟೆ ಸುದ್ದಿ ಬಂದಾಗ ಆ ಒಂದು ಫೋನ್ ಕಾಲ್‌ನಿಂದ ನಿಂತ ಜಗಳಗಳನ್ನು ನಾನು ಕಂಡಿದ್ದೇನೆ.

ನಮ್ಮವನಿಗೆ ಪೆಟ್ಟಾದರೆ ಆಸ್ಪತ್ರೆ, ಪೊಲೀಸ್ ದೂರು, ಮನೆಯವರ ಹತ್ತಿರ ಒಬ್ಬರು. ಇಷ್ಟೇ ಕೆಲಸ. ರಕ್ತದ ಫೋಟೋ ಹಂಚಬೇಡಿ. ಮಾಧ್ಯಮದ ಹತ್ತಿರ ಒಬ್ಬರೇ ಮಾತಾಡಲಿ, ಗೊತ್ತಿರುವುದನ್ನು ಮಾತ್ರ ಹೇಳಲಿ. ಆಸ್ಪತ್ರೆ ಎದುರು ಜನ ಸೇರಿಸಬೇಡಿ. 2025ರ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಜಿಲ್ಲೆ ಒಂದರ ಹಿಂದೆ ಒಂದು ಕೊಲೆ ನೋಡಿತು, ಅಂಗಡಿ ಬಾಗಿಲು ಹಾಕಿತ್ತು, ಬಸ್ ನಿಂತಿತ್ತು, ಅದಾದ ಮೇಲೆ ಸರ್ಕಾರ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗಕ್ಕೆ ವಿಶೇಷ ಕಾರ್ಯಪಡೆಯನ್ನೇ ಮಾಡಬೇಕಾಯಿತು. "ಬಿಡುವುದಿಲ್ಲ" ಅಂತ ಮೈಕಿನಲ್ಲಿ ಹೇಳುವ ಮುಖಂಡರು ಆ ದಿನಗಳನ್ನು ನೆನಪಿಟ್ಟುಕೊಳ್ಳಲಿ.

ಹುಡುಗರಿಗೆ ನೇರ ಹೇಳಿ: ಕೇಸ್ ಬಿದ್ದರೆ ಪಾಸ್‌ಪೋರ್ಟ್ ಕಷ್ಟ, ಗಲ್ಫಿಗೆ ಹೋಗಲು ಪೊಲೀಸ್ ಕ್ಲಿಯರೆನ್ಸ್ ಕಷ್ಟ. ಕೋರ್ಟಿಗೆ ವರ್ಷಗಟ್ಟಲೆ ಅಲೆಯುವುದು ಅವನು, ಟಿಫಿನ್ ಕಟ್ಟಿಕೊಂಡು ಹೊರಗೆ ಬೆಂಚಿನಲ್ಲಿ ಕೂರುವುದು ಅವನ ಅಮ್ಮ. ಕಳಿಸಿದವರು ಯಾರೂ ಆ ಬೆಂಚಿನಲ್ಲಿ ಇರುವುದಿಲ್ಲ.

ಗೆದ್ದ ಮೇಲೆಯೂ

ನಮ್ಮ ಗ್ರಾಮ ಪಂಚಾಯತ್‌ಗಳಲ್ಲಿ ಅರ್ಧ ಸೀಟು ಹೆಂಗಸರದ್ದು. ಗೆದ್ದ ಮೇಲೆ ರಾಜೀನಾಮೆ ಕೊಡು ಅಂತ ಪೀಡಿಸುವುದು, ಸಭೆಯಲ್ಲಿ ಕುರ್ಚಿ ಕೊಡದಿರುವುದು, ಖಾಲಿ ಹಾಳೆಗೆ ಸಹಿ ಕೇಳುವುದು ಇವೂ ಕಿರುಕುಳವೇ. ಬೊಲಿವಿಯಾ ದೇಶದಲ್ಲಿ ಹೀಗೆ ಪೀಡನೆಗೆ ಒಳಗಾದ ಹ್ವಾನಾ ಕಿಸ್ಪೆ ಅನ್ನುವ ಸ್ಥಳೀಯ ಸದಸ್ಯೆಯ ಕೊಲೆ ಆದ ಮೇಲೆ, 2012ರಲ್ಲಿ ರಾಜಕೀಯದಲ್ಲಿರುವ ಹೆಂಗಸರ ಮೇಲಿನ ಹಿಂಸೆಗೆ ಬೇರೆಯೇ ಕಾನೂನು ಬಂತು. ನಮ್ಮಲ್ಲಿ ಅಂಥದ್ದು ಇಲ್ಲ, ಆದರೆ ಪರಿಶಿಷ್ಟ ಜಾತಿ, ಪಂಗಡದ ಸದಸ್ಯರನ್ನು ಕೆಲಸ ಮಾಡದಂತೆ ತಡೆದರೆ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಶಿಕ್ಷೆ ಉಂಟು. ಪಕ್ಷದ ಸಮಿತಿ ಇವರ ದೂರನ್ನೂ ಕೇಳಬೇಕು. ಸದಸ್ಯೆಯ ಮಾತನ್ನು ಸದಸ್ಯೆಯ ಬಾಯಿಂದಲೇ ಕೇಳಿ, ಗಂಡನ ಬಾಯಿಂದ ಬೇಡ.

ಮೂರು ತಿಂಗಳ ನಂತರ

ತೀರ್ಮಾನ ಆಯಿತು, ಹಾಳೆ ಫೈಲಿಗೆ ಹೋಯಿತು. ಈಗ ಕ್ಯಾಲೆಂಡರಿನಲ್ಲಿ ಮೂರು ತಿಂಗಳ ಮುಂದಿನ ಒಂದು ದಿನಕ್ಕೆ ಗುರುತು ಹಾಕಿ. ಆ ದಿನ ದೂರು ಕೊಟ್ಟವಳಿಗೆ ಫೋನ್ ಮಾಡಿ. ಸಭೆಗೆ ಕರೆಯುತ್ತಿದ್ದಾರಾ, ಮೊದಲಿನ ಜವಾಬ್ದಾರಿಯೇ ಉಂಟಾ, ಸಂಘದ ಸಾಲ ಇದ್ದಕ್ಕಿದ್ದ ಹಾಗೆ ನಿಂತಿದೆಯಾ, ಮನೆಯ ದಾರಿಗೆ ಯಾರಾದರೂ ಅಡ್ಡ ಬರುತ್ತಿದ್ದಾರಾ ಕೇಳಿ. ಸೇಡು ತೀರಿಸುವುದು ಯಾವಾಗಲೂ ಹೀಗೆ, ಸದ್ದಿಲ್ಲದೆ. ನನ್ನನ್ನು ಬೂತ್ ಗ್ರೂಪಿನಿಂದ ತೆಗೆದದ್ದು ನನಗೆ ಗೊತ್ತಾದದ್ದು ಹದಿನೈದು ದಿನ ಕಳೆದ ಮೇಲೆ, ಒಬ್ಬ ತಮ್ಮ "ಅಕ್ಕ, ನಿನ್ನೆ ಸಭೆಗೆ ಯಾಕೆ ಬರಲಿಲ್ಲ" ಅಂತ ಮೀನು ಮಾರ್ಕೆಟ್ಟಿನಲ್ಲಿ ಕೇಳಿದಾಗ.

ಅವಳು ಗ್ರೂಪಿನಲ್ಲಿ ಇದ್ದಾಳಾ ಅಂತ ಮೊದಲು ನೋಡಿ. ಇಲ್ಲದಿದ್ದರೆ ಅವತ್ತೇ ಮತ್ತೆ ಸೇರಿಸಿ.